ಟರ್ನ್‌ಟೇಬಲ್‌ಗೆ ಹಳೇ ಕಾಲದ ಫೋನೋ ಪ್ರೀಆಂಪ್: ಕ್ವಾಡ್ 33, ಡೈನಾಕೋ, ಎನ್‌ಎಡಿ 3020, ಯಾವ್ದು ತಗೊಳ್ಲಿ?

ಮುಳ್ಳುಪೆಟ್ಟಿಗೆ:
ಎಲ್ರಿಗೂ ನಮಸ್ಕಾರ. ನಮ್ಮ ಮಾವ ಇಟ್ಕೊಂಡಿದ್ದ ಟೆಕ್ನಿಕ್ಸ್ ಎಸ್‌ಎಲ್-1200 ಈಗ ನನ್ ಕೈಗೆ ಬಂದಿದೆ, ಕಾರ್ಟ್ರಿಜ್ (ಮುಳ್ಳು ಕೂರೋ ಭಾಗ) ಹೊಸದು, ಆಡಿಯೋ ಟೆಕ್ನಿಕಾ ವಿಎಂ95ಇ. ನನ್ ಆಂಪ್‌ನಲ್ಲಿ ಫೋನೋ ಇನ್‌ಪುಟ್ ಇಲ್ಲ, ಆಕ್ಸ್‌ಗೆ (ಮಾಮೂಲಿ ಇನ್‌ಪುಟ್) ಚುಚ್ಚಿದ್ರೆ ಸೊಳ್ಳೆ ಹಾಡಿದ ಹಾಗೆ ಕೇಳ್ಸತ್ತೆ, ಬೇಸ್ ಅನ್ನೋದೇ ಇಲ್ಲ. ಕಾರ್ಟ್ರಿಜ್‌ನ ಸಣ್ಣ ಸಿಗ್ನಲ್ ದೊಡ್ಡದು ಮಾಡೋ ಪ್ರೀಆಂಪ್ ಬೇಕು ಅಂತ ಗೊತ್ತು. ಹೊಸ ಪುಟಾಣಿ ಡಬ್ಬಿ ತಗೊಳೋಕೆ ಮನಸ್ಸಿಲ್ಲ, ಟರ್ನ್‌ಟೇಬಲ್ ಕಾಲದ್ದೇ ಏನಾದ್ರೂ ಪಕ್ಕದಲ್ಲಿ ಕೂತಿರ್ಲಿ ಅಂತ ಆಸೆ ಅಷ್ಟೇ. ಇಂಗ್ಲೆಂಡಿಂದ ಒಂದು ಕ್ವಾಡ್ 33 ತರಿಸ್ಬೋದು, ಅಮೆರಿಕದಲ್ಲಿರೋ ತಂಗಿ ಡೈನಾಕೋ ಪಿಎಎಸ್-3 ತರ್ತೀನಿ ಅಂತಿದಾಳೆ, ಇನ್ನೊಂದು ಇಲ್ಲೇ ಬೆಂಗಳೂರಲ್ಲೊಬ್ರು ಎನ್‌ಎಡಿ 3020 ಮಾರ್ತಿದಾರೆ, ಅದು ಪ್ರೀಆಂಪ್ ಅಲ್ಲ ಪೂರ್ತಿ ಆಂಪೇ, ಆದ್ರೂ ಫೋನೋ ಸೆಕ್ಷನ್ ಚೆನ್ನಾಗಿದೆ ಅಂತಾರೆ. ಕೇಳೋದು ಹೆಚ್ಚಾಗಿ ಹಳೇ ಕನ್ನಡ ಎಲ್‌ಪಿ, ಒಂದಷ್ಟು ಕರ್ನಾಟಕ ಸಂಗೀತ. ಏನಂತೀರಾ?

ಚಿಕ್ಕಪೇಟೆ ಸೀನ:
ಕಣ್ಮುಚ್ಚಿಕೊಂಡು 3020. 1978ರಲ್ಲಿ ಬಂದಿದ್ದು, ಚಾನೆಲ್‌ಗೆ 20 ವ್ಯಾಟ್ ಅಂತ ಬರೆದಿರೋ ಬಡವರ ಆಂಪ್, ಆದ್ರೆ ಫೋನೋ ವಿಷಯದಲ್ಲಿ ಜಿಪುಣತನ ಮಾಡಿಲ್ಲ. ನೀವು ಅದನ್ನ ಆಂಪ್ ಥರ ಬಳಸ್ಲೇಬೇಕು ಅಂತೇನಿಲ್ಲ. ಟರ್ನ್‌ಟೇಬಲ್ ಫೋನೋಗೆ ಹಾಕಿ, ಸೆಲೆಕ್ಟರ್ ಫೋನೋದಲ್ಲಿಟ್ಟು, ಹಿಂದಿರೋ ಟೇಪ್ ಔಟ್‌ನಿಂದ ವೈರ್ ತಗೊಂಡು ನಿಮ್ ಈಗಿನ ಆಂಪ್‌ನ ಆಕ್ಸ್‌ಗೆ ಕೊಡಿ, ಮುಗೀತು. ಕ್ಯಾಸೆಟ್‌ಗೆ ರೆಕಾರ್ಡ್ ಮಾಡ್ಕೊಳ್ಲಿ ಅಂತ ಕೊಟ್ಟಿರೋ ದಾರಿ ಅದು, ವಾಲ್ಯೂಮ್, ಬೇಸ್, ಟ್ರೆಬಲ್ ಯಾವ್ದೂ ಮಧ್ಯೆ ಬರಲ್ಲ. ಹಳೇ ಸ್ಯಾನ್ಸುಯಿ, ಪಯೋನಿಯರ್ ಏನೇ ಸಿಕ್ರೂ ಇದೇ ಉಪಾಯ. ಬರೀ ಪ್ರೀಆಂಪ್ ಅಂದ ತಕ್ಷಣ ರೇಟ್ ಏರಿಸ್ತಾರೆ, ಇಂಟಿಗ್ರೇಟೆಡ್ (ಪ್ರೀಆಂಪ್, ಪವರ್ ಆಂಪ್ ಎರಡೂ ಒಂದೇ ಡಬ್ಬೀಲಿರೋದು) ಅಂದ್ರೆ ಕಡಿಮೆಗೆ ಬಿಡ್ತಾರೆ.

ವೀಣಾ_ಮೈಸೂರು:
ನಮ್ಮನೆ ಹಳೇ ಎಚ್‌ಎಂವಿ ಪ್ಲೇಯರನ್ನ ಸೀದಾ ಆಂಪ್‌ಗೆ ಹಾಕಿದ್ರೂ ಜೋರಾಗೇ ಕೇಳ್ಸತ್ತೆ, ಪ್ರೀಆಂಪೂ ಇಲ್ಲ ಏನೂ ಇಲ್ಲ. ಇಷ್ಟೆಲ್ಲ ತಲೆನೋವು ಯಾಕೆ ಬೇಕು ಅಂತ?

ಚಿಕ್ಕಪೇಟೆ ಸೀನ:
ಮೇಡಂ, ನಿಮ್ದು ಸೆರಾಮಿಕ್ ಕಾರ್ಟ್ರಿಜ್ ಇರತ್ತೆ, ಅದು ನೂರಾರು ಮಿಲಿವೋಲ್ಟ್ ಕೊಡತ್ತೆ. ಇವ್ರ ವಿಎಂ95ಇ ಮ್ಯಾಗ್ನೆಟ್‌ದು, ಕೊಡೋದು ಬರೀ 4 ಮಿಲಿವೋಲ್ಟ್, ಆಕ್ಸ್‌ಗೆ 150-200 ಆದ್ರೂ ಬೇಕು. ಅಂದ್ರೆ ಕನಿಷ್ಠ 40-50 ಪಟ್ಟು ಏರಿಸ್ಬೇಕು, ಫೋನೋ ಪ್ರೀಆಂಪ್ ಸಾಮಾನ್ಯವಾಗಿ ಸುಮಾರು 100 ಪಟ್ಟು ಏರಿಸತ್ತೆ, 40 ಡೆಸಿಬೆಲ್ ಅನ್ನೋದು ಅದನ್ನೇ. ಜೊತೆಗೆ ರೆಕಾರ್ಡ್ ಕೊರೆಯೋವಾಗ ಬೇಸ್ ತಗ್ಗಿಸಿ ಟ್ರೆಬಲ್ ಎತ್ತಿರ್ತಾರೆ, 20 ಹರ್ಟ್ಜ್ ಹತ್ರ 20 ಡೆಸಿಬೆಲ್ ಇಳಿಕೆ, 20 ಕಿಲೋಹರ್ಟ್ಜ್ ಹತ್ರ ಅಷ್ಟೇ ಏರಿಕೆ. ಬೇಸ್ ಹಾಗೇ ಬಿಟ್ರೆ ಗೆರೆ ಅಗಲ ಆಗಿ ಎಲ್‌ಪೀಲಿ ಹಾಡು ಹಿಡಿಸಲ್ಲ. 1954ರಿಂದ ಇದಕ್ಕೆ ಆರ್‌ಐಎಎ ಅಂತ ಒಂದೇ ಲೆಕ್ಕ. ಅದನ್ನ ಉಲ್ಟಾ ಮಾಡೋದೇ ಪ್ರೀಆಂಪ್ ಕೆಲ್ಸ, ಪ್ರಶ್ನೆ ಕೇಳಿದವ್ರಿಗೆ ಬೇಸ್ ಕೇಳ್ಸದೇ ಇದ್ದಿದ್ದು ಅದಿಲ್ದೇ.

ಧಾರವಾಡ ರಿಪೇರಿ:
ನೋಡ್ರಿ ಸರ, ಹೆಸರ ನೋಡಿ ರೊಕ್ಕಾ ಕೊಡಬ್ಯಾಡ್ರಿ. ಇವೆಲ್ಲಾ 40-60 ವರ್ಷದ ಮಾಲ, ಒಳಗಿನ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಒಣಗಿ ಹೋಗಿರ್ತಾವ, ಅವನ್ನ ಬದ್ಲಿ ಮಾಡಸೋ ಖರ್ಚೂ ಹಿಡದ ರೇಟ್ ಮಾತಾಡ್ರಿ. ಎರಡನೇದು ಕರೆಂಟ್. ಅಮೆರಿಕದ್ದು 120 ವೋಲ್ಟ್, ಜಪಾನಿನ ಲೋಕಲ್ ಮಾಡೆಲ್ 100 ವೋಲ್ಟ್, ನಮ್ಮಲ್ಲಿ 230 ಅಂತಾರ, ರಾತ್ರಿ 245 ಆದ್ರೂ ಆಶ್ಚರ್ಯಿಲ್ಲ. ಅಂಗಡ್ಯಾಗ ಸಿಗೋ 110ರ ಸ್ಟೆಪ್‌ಡೌನ್ (ವೋಲ್ಟ್ ಇಳಸೋ ಟ್ರಾನ್ಸ್‌ಫಾರ್ಮರ್) ತಂದು 100 ವೋಲ್ಟಿನ ಸೆಟ್ಟಿಗೆ ಹಚ್ಚಿದ್ರ ಮೊದಲೇ ಹತ್ತು ಪರ್ಸೆಂಟ್ ಜಾಸ್ತಿ ಆತು, ಮ್ಯಾಲೆ ಲೈನ್ ಏರಿದ್ರ ಮುಗೀತ್ರಿ ಅದರ ಕಥಿ. ಬೇಕಾದ ವೋಲ್ಟಿಗೇ ಸುತ್ತಿಸ್ಕೋರಿ. ಆ ಟ್ರಾನ್ಸ್‌ಫಾರ್ಮರ್ ಟರ್ನ್‌ಟೇಬಲ್ ಬಾಜೂಕ ಇಡಬ್ಯಾಡ್ರಿ, ಕಾರ್ಟ್ರಿಜ್ ಅದರ ಗುಂಯ್‌ ಅನ್ನೂದನ್ನ ಹಿಡ್ಕೊಂಡು ಸ್ಪೀಕರಿಗೆ ಕಳಸ್ತದ.

ವಾಲ್ವ್ ಹುಚ್ಚ:
ಎಲ್ಲರೂ ಸೇರ್ಕೊಂಡು ಡೈನಾಕೋ ಆಸೆಗೆ ನೀರು ಬಿಡಿಸ್ತಿದೀರಲ್ಲ ಮಾರಾಯ್ರೆ. ಪಿಎಎಸ್-3ಯಲ್ಲಿರೋದು 12ಎಎಕ್ಸ್7 ವಾಲ್ವ್ (ಹಳೇ ರೇಡಿಯೋಲಿರೋ ಥರದ ಗಾಜಿನ ಟ್ಯೂಬ್), ಇವತ್ತಿಗೂ ಗಿಟಾರ್ ಆಂಪ್‌ನವ್ರ ದಯೆಯಿಂದ ಹೊಸದಾಗೇ ತಯಾರಾಗ್ತಿದೆ. ಸರ್ಕ್ಯೂಟ್ ಸರಳ, ಕೈಯಲ್ಲಿ ವೈರಿಂಗ್ ಬಲ್ಲ ಯಾರು ಬೇಕಾದ್ರೂ ಸರಿ ಮಾಡ್ಬೋದು. ಹೆಂಗಸರ ದನಿ, ಪಿಟೀಲು ಅದ್ರಲ್ಲಿ ಕೇಳ್ಬೇಕು. ಹಿಸ್ ಸ್ವಲ್ಪ ಇರತ್ತೆ, ಇಲ್ಲ ಅನ್ನಲ್ಲ, ಆದ್ರೆ ನಮ್ ಹಳೇ ಎಲ್‌ಪಿಗಳ ಚಟಪಟ ಸದ್ದಿನ ಮುಂದೆ ಅದೇನ್ ಮಹಾ. ಒಂದೇ ವಿಷ್ಯ, ವಾಲ್ವ್ ಕಾಯಿಸೋ ಹೀಟರ್‌ಗೆ ಇರೋ ಸೆಲೆನಿಯಂ ರೆಕ್ಟಿಫೈಯರ್ (ಎಸಿಯನ್ನ ಡಿಸಿ ಮಾಡೋ ಭಾಗ) ತೆಗೆಸಿ ಸಿಲಿಕಾನ್ ಹಾಕ್ಸಿ, ಮತ್ತೆ ಒಳಗೆ ನೂರಾರು ವೋಲ್ಟ್ ಇರತ್ತೆ, ಗೊತ್ತಿಲ್ದೇ ಮುಚ್ಚಳ ತೆಗೀಬೇಡಿ.

ಮುಳ್ಳುಪೆಟ್ಟಿಗೆ:
ವಾಲ್ವ್ ಅಂದ್ರೆ ಆಸೆ ಇದೆ, ಆದ್ರೆ ಮನೇಲಿ ಚಿಕ್ಕ ಮಗು ಇದೆ, ಸ್ಟೆಪ್‌ಡೌನ್ ಬೇರೆ. ಡೈನಾಕೋ ಸದ್ಯಕ್ಕೆ ಬೇಡ ಅಂತ ತಂಗಿಗೆ ಹೇಳ್ತೀನಿ. ಕ್ವಾಡ್ ಬಗ್ಗೆ ಯಾರೂ ಏನೂ ಅಂದಿಲ್ಲ? ಮತ್ತೆ ಎಲ್ಲೋ ಕೆಪಾಸಿಟೆನ್ಸ್ ಹೊಂದಬೇಕು ಅಂತ ಓದ್ದೆ, ಅದೇನು?

ಚಿಕ್ಕಪೇಟೆ ಸೀನ:
ಕ್ವಾಡ್ 33 ನೋಡೋಕೆ ಸುಂದ್ರಿ, ಆ ಕಿತ್ತಳೆ ಬಣ್ಣದ ಬಟನ್ನಿಗೇ ಅರ್ಧ ದುಡ್ಡು. ಆದ್ರೆ 1967ರ ಡಿಸೈನು, ಹಿಂದೆ ಡಿನ್ ಸಾಕೆಟ್‌ಗಳು (ದುಂಡಗೆ, ಹಲವು ಪಿನ್‌ದು), ನಿಮ್ ಆರ್‌ಸಿಎ ವೈರ್‌ಗೆ ಅಡಾಪ್ಟರ್ ಹುಡುಕ್ಕೊಂಡು ಅಲೀಬೇಕು. ಅದ್ರ ಜೊತೆಗಾರ 303 ಪವರ್ ಆಂಪೂ ಸಿಕ್ಕಿದ್ರೆ ಮಾತ್ರ ಯೋಚ್ನೆ ಮಾಡಿ.

ಕೆಪಾಸಿಟೆನ್ಸ್ ಮುಖ್ಯಾನೇ, ಅಂದ್ರೆ ವೈರು ಮತ್ತೆ ಆಂಪ್ ಇನ್‌ಪುಟ್ ಸೇರಿ ಕಾರ್ಟ್ರಿಜ್ ಮೇಲೆ ಹಾಕೋ ಒಂದು ಥರದ ವಿದ್ಯುತ್ ಹೊರೆ. ವಿಎಂ95ಇಗೆ ಇನ್‌ಪುಟ್ ರೆಸಿಸ್ಟೆನ್ಸ್ 47 ಕಿಲೋಓಮ್, ಕೆಪಾಸಿಟೆನ್ಸ್ 100ರಿಂದ 200 ಪಿಕೋಫ್ಯಾರಡ್ ಅಂತ ಕಂಪ್ನಿಯವ್ರೇ ಹೇಳಿದಾರೆ, ಇದ್ರಲ್ಲಿ ಟರ್ನ್‌ಟೇಬಲ್ ವೈರ್‌ದೂ ಸೇರಿಸ್ಬೇಕು. ಹಳೇ ಆಂಪ್‌ಗಳಲ್ಲಿ ಇನ್‌ಪುಟ್‌ನಲ್ಲೇ 200ಕ್ಕಿಂತ ಜಾಸ್ತಿ ಇರೋದುಂಟು, ವೈರ್ ಕೂಡಿ 400 ಆದ್ರೆ ಸುಮಾರು 15 ಕಿಲೋಹರ್ಟ್ಜ್ ಹತ್ರ ಇರ್ಬೇಕಾದ ಟ್ರೆಬಲ್‌ನ ಉಬ್ಬು 10-11ಕ್ಕೆ ಇಳಿಯತ್ತೆ, ಆಗ ‘ಸ’ಕಾರ ಎಲ್ಲ ಕಿವಿಗೆ ಚುಚ್ಚತ್ತೆ. ಎಷ್ಟೋ ಜನ ಇದನ್ನ ಕಾರ್ಟ್ರಿಜ್ ತಪ್ಪು ಅಂತ ಬೈತಾರೆ. ಇನ್‌ಪುಟ್‌ನಲ್ಲಿರೋ ಸಣ್ಣ ಕೆಪಾಸಿಟರ್ ಬದಲಾಯ್ಸಿದ್ರೆ ಸರಿಹೋಗತ್ತೆ, ದೊಡ್ಡ ಖರ್ಚಲ್ಲ.

ಮುಳ್ಳುಪೆಟ್ಟಿಗೆ:
ಸರಿ ಹಾಗಾದ್ರೆ, ಭಾನುವಾರ ಹೋಗಿ 3020 ನೋಡ್ತೀನಿ. ಹೋದಾಗ ಏನೇನು ಚೆಕ್ ಮಾಡ್ಲಿ?

ಧಾರವಾಡ ರಿಪೇರಿ:
ಟರ್ನ್‌ಟೇಬಲ್ ಹೊತ್ಕೊಂಡು ಹೋಗ್ರಿ, ನಾಚಬ್ಯಾಡ್ರಿ. ಅರ್ಥ್ ವೈರ್ ಹಿಂದಿನ ಸ್ಕ್ರೂಗೆ ಬಿಗೀರಿ. ಮುಳ್ಳ ಎತ್ತಿಟ್ಟು ಫೋನೋಕ್ಕ ಹಾಕಿ ವಾಲ್ಯೂಮ್ ಸಾವಕಾಶ ಏರಸ್ರಿ, ಸುಂಯ್ ಅಂತ ಒಂದ ಸಮ ಬಂದ್ರ ಅಡ್ಡಿಯಿಲ್ಲ, ನಡನಡುವ ಟಪ್ ಟಪ್, ಗರ್ ಗರ್ ಅಂದ್ರ ಟ್ರಾನ್ಸಿಸ್ಟರೋ ಕೆಪಾಸಿಟರೋ ಹೋಗೇತಿ ಅಂತ ತಿಳೀರಿ. ಎಡ-ಬಲ ಎರಡೂ ಸಮ ಅದಾವೇನು ನೋಡ್ರಿ, ಒಂದು ಮಂದ ಇದ್ರ ಟರ್ನ್‌ಟೇಬಲ್ ವೈರ್ ಅದಲಬದಲ ಮಾಡ್ರಿ, ಆಗ್ಲೂ ಅದೇ ಬಾಜೂ ಮಂದ ಇದ್ರ ಆಂಪಿನ ದೋಷ. ಸೆಲೆಕ್ಟರ್ ತಿರುವಿದಾಗ ಕರಕರ ಅಂದ್ರ ಹೆದರಬ್ಯಾಡ್ರಿ, ಕಾಂಟ್ಯಾಕ್ಟ್ ಕ್ಲೀನರ್ ಹೊಡದ್ರ ಹೋಗ್ತದ. ಆದ್ರ ಅದನ್ನ ಮಾರೋರಿಗೆ ಹೇಳಬ್ಯಾಡ್ರಿ, ರೇಟ್ ಇಳಸಾಕ ಬೇಕಾಗ್ತದ 😀