ಪ್ರಾಸ್ಟೇಟ್ ಕ್ಯಾನ್ಸರ್: ರೇಡಿಯೇಶನ್ ಜೊತೆ ಹಾರ್ಮೋನ್ ಇಂಜೆಕ್ಷನ್ 6 ತಿಂಗಳು ಸಾಕಾ?

ಪ್ರಶ್ನೆ:
ವಯಸ್ಸು 68, ಪಿಎಸ್‌ಎ (ಪ್ರಾಸ್ಟೇಟ್‌ನ ರಕ್ತ ಪರೀಕ್ಷೆ) 14, ಗ್ಲೀಸನ್ (ಗಡ್ಡೆ ಎಷ್ಟು ಜೋರಿನದು ಅನ್ನೋ ಬಯಾಪ್ಸಿ ಅಂಕಿ) 4+3, ಹಂತ ಟಿ2ಬಿ (ಗಡ್ಡೆ ಗ್ರಂಥಿಯೊಳಗೇ ಇದೆ). ಎಲ್ಲೂ ಹರಡಿಲ್ಲ. ಶುಗರ್ ಇದೆ. 20 ಸಿಟ್ಟಿಂಗ್ ರೇಡಿಯೇಶನ್ (ಒಟ್ಟು 60 ಗ್ರೇ ಕಿರಣ), 6 ತಿಂಗಳು ಲ್ಯೂಪ್ರೊಲೈಡ್ ಅನ್ನೋ ಹಾರ್ಮೋನ್ ಇಂಜೆಕ್ಷನ್ ಅಂದಿದ್ದಾರೆ. ಕೆಲವರಿಗೆ ಎರಡು ಮೂರು ವರ್ಷ ಕೊಡ್ತಾರಲ್ಲ? ಇಂಜೆಕ್ಷನ್‌ಗೆ ಮೊದಲೇ ಬೈಕಾಲುಟಮೈಡ್ ಮಾತ್ರೆ ಯಾಕೆ?

ಉತ್ತರ 1:
ಸಾಕು. ಇದು ಮಧ್ಯಮ ಅಪಾಯದ ಗುಂಪಿನಲ್ಲಿ ಸ್ವಲ್ಪ ಜೋರಿನದು, 4ರಿಂದ 6 ತಿಂಗಳು ರೂಢಿ. ಗ್ಲೀಸನ್ ಒಟ್ಟು 8 ಅಥವಾ ಹೆಚ್ಚು, ಪಿಎಸ್‌ಎ 20ರ ಮೇಲೆ, ಗಡ್ಡೆ ಗ್ರಂಥಿಯ ಹೊದಿಕೆ ದಾಟಿದ್ದು (ಟಿ3): ಇದರಲ್ಲಿ ಒಂದಿದ್ದರೂ ಒಂದೂವರೆಯಿಂದ ಮೂರು ವರ್ಷ. ಅಂಥವರಿಗೆ ಬೇಗ ನಿಲ್ಲಿಸಿದರೆ ನಷ್ಟವೇ. ಯುರೋಪಿನ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇಒಆರ್‌ಟಿಸಿಯ ಪ್ರಯೋಗದಲ್ಲಿ 5 ವರ್ಷದೊಳಗಿನ ಸಾವು 6 ತಿಂಗಳ ಗುಂಪಿನಲ್ಲಿ ಶೇ. 19, ಮೂರು ವರ್ಷದ ಗುಂಪಿನಲ್ಲಿ ಶೇ. 15.2. ಆದರೆ ಅವರಲ್ಲಿ ಹೆಚ್ಚಿನವರದು ಟಿ3 ಗಡ್ಡೆ. ಆ ಲೆಕ್ಕ ಈ ರಿಪೋರ್ಟ್‌ಗೆ ಹಚ್ಚಬೇಡಿ.

ಉತ್ತರ 2:
ಮಾತ್ರೆ ವಿಚಾರ: ಲ್ಯೂಪ್ರೊಲೈಡ್ ಮೊದಲ ಒಂದೆರಡು ವಾರ ಟೆಸ್ಟೊಸ್ಟೆರಾನ್ (ಈ ಗಡ್ಡೆಯನ್ನು ಬೆಳೆಸುವ ಗಂಡು ಹಾರ್ಮೋನ್) ಏರಿಸಿ, ಆಮೇಲೆ ಕುಸಿಯುವಂತೆ ಮಾಡುತ್ತದೆ. ಆ ಏರಿಕೆ ಗಡ್ಡೆಗೆ ತಟ್ಟದಿರಲಿ ಅಂತ ಬೈಕಾಲುಟಮೈಡ್ 50 ಮಿ.ಗ್ರಾಂ ದಿನಕ್ಕೊಂದು. ಸಾಮಾನ್ಯವಾಗಿ ಒಂದು ವಾರ ಮೊದಲು ಶುರು ಮಾಡಿ, ಇಂಜೆಕ್ಷನ್ ಆದ ಮೇಲೂ ಎರಡು ಮೂರು ವಾರ ಕೊಡುತ್ತಾರೆ. ಡೆಗರೆಲಿಕ್ಸ್ ಅನ್ನುವ ಬೇರೆ ಇಂಜೆಕ್ಷನ್ ಆಗಿದ್ದರೆ ಏರಿಕೆಯೇ ಇಲ್ಲ, ಮಾತ್ರೆಯೂ ಬೇಡ. ಆದರೆ ತಿಂಗಳಿಗೊಮ್ಮೆ ಚುಚ್ಚಬೇಕು, ಚುಚ್ಚಿದ ಜಾಗ ಊದಿಕೊಂಡು ನೋಯುವುದೂ ಜಾಸ್ತಿ.

22.5 ಮಿ.ಗ್ರಾಂ ಲ್ಯೂಪ್ರೊಲೈಡ್ ಮೂರು ತಿಂಗಳದ್ದು, ಅಂದರೆ ಒಟ್ಟು ಎರಡೇ ಡೋಸ್. ಎರಡನೆಯದನ್ನು ಮುಂದೂಡಬೇಡಿ. ಪಿಎಸ್‌ಎ ಮಾತ್ರ ನೋಡದೆ ಟೆಸ್ಟೊಸ್ಟೆರಾನ್ ಕೂಡ ಮಾಡಿಸಿ: 50 ನ್ಯಾ.ಗ್ರಾಂ/ಡಿ.ಲೀ.ಗಿಂತ ಕೆಳಗಿರಬೇಕು.

ಉತ್ತರ 3:
ಶುಗರ್ ಇದೆ ಅಂದಿರಿ. ಈ ಇಂಜೆಕ್ಷನ್‌ನಿಂದ ಇನ್ಸುಲಿನ್ ಸರಿಯಾಗಿ ನಾಟುವುದಿಲ್ಲ, ಹೊಟ್ಟೆ ಬರುತ್ತದೆ, ಸ್ನಾಯು ಕರಗುತ್ತದೆ. ಎಚ್‌ಬಿಎ1ಸಿ (ಸರಾಸರಿ ಶುಗರ್ ತೋರಿಸುವ ರಕ್ತ ಪರೀಕ್ಷೆ) ಈಗೊಮ್ಮೆ, ಆಮೇಲೆ ಮೂರು ತಿಂಗಳಿಗೊಮ್ಮೆ. ಬರೀ ವಾಕಿಂಗ್ ಸಾಲದು. ಕುರ್ಚಿಯಿಂದ ಎದ್ದು ಕೂರುವುದು, ಭಾರ ಎತ್ತುವುದು ಬೇಕು. ಹೃದಯದ ತೊಂದರೆ ಇದ್ದಿದ್ದರೆ ಮೊದಲೇ ಹೇಳಿ.

ರೇಡಿಯೇಶನ್‌ನಲ್ಲಿ ದಿನಾ ತಕರಾರಾಗುವುದು ಗ್ಯಾಸ್. ಮಲಾಶಯ ಉಬ್ಬಿದರೆ ಪ್ರಾಸ್ಟೇಟ್ ಮುಂದಕ್ಕೆ ಸರಿಯುತ್ತದೆ, ಸ್ಕ್ಯಾನ್ ನೋಡಿ ಟೇಬಲ್‌ನಿಂದ ಇಳಿಸಿ ಕಳಿಸುತ್ತಾರೆ. ಆ ನಾಲ್ಕು ವಾರ ಅಲಸಂದೆ, ಕಡಲೆ ಉಸಲಿ, ಎಲೆಕೋಸು ಬಿಡಿ. ಮೂತ್ರ ಮಾಡಿ, ಅವರು ಹೇಳಿದಷ್ಟೇ ನೀರು ಕುಡಿದು, ದಿನಾ ಅಷ್ಟೇ ಹೊತ್ತು ಕಾಯಿರಿ. ಮೂತ್ರಕೋಶ ತುಂಬಿದ್ದರೆ ಸಣ್ಣ ಕರುಳು ಮೇಲೆ ಸರಿದು ಕಿರಣದಿಂದ ದೂರ ಇರುತ್ತದೆ.

ಇನ್ನೊಂದು: ಇಂಜೆಕ್ಷನ್ ಇರುವಾಗ ಪಿಎಸ್‌ಎ 0.1 ಬಂದರೆ ವಾಸಿಯಾಯಿತು ಅಂತಲ್ಲ. ಇಂಜೆಕ್ಷನ್ ನಿಂತ ಮೇಲೆ ಟೆಸ್ಟೊಸ್ಟೆರಾನ್ ಮರಳಲು ತಿಂಗಳುಗಳೇ ಬೇಕು, ಆಗ ಪಿಎಸ್‌ಎ ಒಂಚೂರು ಏರುತ್ತದೆ. ತೀರಾ ಕೆಳಗಿಳಿದಿದ್ದ ಅಂಕಿಗಿಂತ 2 ಹೆಚ್ಚಾದರೆ ಮಾತ್ರ ಮರುಕಳಿಸಿದೆ ಎಂದು ಲೆಕ್ಕ.