ದೊಡ್ಡಪ್ಪನ ಕಂಪ್ಯೂಟರನ್ನು ಗುಜರಿಗೆ ಹಾಕಬೇಡಿ

ದೊಡ್ಡಪ್ಪ, ನಮಸ್ಕಾರ. ಬೆಳಿಗ್ಗೆ ಗ್ರೂಪಿನಲ್ಲಿ ನೀವು ಹಾಕಿದ್ದನ್ನು ಈಗ ತಾನೆ ನೋಡಿದೆ. ರಿಪೇರಿ ಅಂಗಡಿಯಲ್ಲಿ ಒಂದು ಕಂಪ್ಯೂಟರಿನ ಕ್ಯಾಬಿನೆಟ್ ಬಿಚ್ಚಿಕೊಂಡು ಕುಳಿತಿದ್ದೇನೆ, ಎರಡು ಕೈಗೂ ಧೂಳು. ಟೈಪ್ ಮಾಡಲು ಆಗುವುದಿಲ್ಲ, ಮಾತಾಡಿಯೇ ಕಳಿಸುತ್ತೇನೆ. ಉದ್ದವಾಗುತ್ತದೆ, ಊಟ ಮುಗಿಸಿ ಕೇಳಿ.

ನೀವು ಹೇಳಿದ್ದು ಇಷ್ಟು. 2019ರಲ್ಲಿ ಜೋಡಿಸಿಕೊಂಡ ಕಂಪ್ಯೂಟರ್. ಆನ್ ಮಾಡಿದರೆ ಕೆಲಸಕ್ಕೆ ಬರಲು ಹತ್ತು ನಿಮಿಷ. ಕೆಲವು ತಿಂಗಳಿನಿಂದ ತಾರೀಖು ದಿನಾ ಹಿಂದಕ್ಕೆ ಓಡುತ್ತಿತ್ತು. ಮಳೆ ಹಿಡಿದ ಮೇಲೆ ಎರಡು ವಾರ ಮುಟ್ಟಿರಲಿಲ್ಲ, ಈಗ ಪರದೆ ಕಪ್ಪು, ಒಳಗಿನಿಂದ ಬೀಪ್ ಬೀಪ್ ಸದ್ದು. ಪೇಟೆಯ ಅಂಗಡಿಯವರು ಫೋನಿನಲ್ಲೇ ಕೇಳಿಸಿಕೊಂಡು ‘ಬೋರ್ಡ್ ಹೋಗಿದೆ, ಹೊಸದು ತೆಗೆದುಕೊಳ್ಳಿ’ ಎಂದಿದ್ದಾರೆ, ಬೋರ್ಡ್ ಎಂದರೆ ಒಳಗಿನ ಭಾಗಗಳೆಲ್ಲ ಕೂರುವ ಮುಖ್ಯ ಹಲಗೆ. ಅಣ್ಣ ಬೆಂಗಳೂರಿನಿಂದ ‘ಗುಜರಿಗೆ ಹಾಕಿ, ಲ್ಯಾಪ್‌ಟಾಪ್ ಕಳಿಸುತ್ತೇನೆ’ ಎಂದು ಬರೆದಿದ್ದಾನೆ. ಅಣ್ಣಾ, ನಿನ್ನ ಒಳ್ಳೆಯ ಮನಸ್ಸು ಗೊತ್ತು. ಆದರೆ ನೀನು ಸಾಫ್ಟ್‌ವೇರಿನವನು, ಸ್ಕ್ರೂಡ್ರೈವರ್ ಹಿಡಿದು ಎಷ್ಟು ವರ್ಷವಾಯಿತು ಹೇಳು. ಪೆಟ್ಟಿಗೆ ತೆರೆಯದೆ ಬೋರ್ಡ್ ಹೋಗಿದೆ ಎನ್ನುವುದು ನಾಡಿ ಹಿಡಿಯದೆ ಔಷಧಿ ಕೊಟ್ಟ ಹಾಗೆ.

ಅದೆಲ್ಲಕ್ಕಿಂತ ಮೊದಲು, ದೊಡ್ಡಮ್ಮ ಕೊನೆಯಲ್ಲಿ ಒಂದು ಸಾಲು ಹಾಕಿದ್ದಾರೆ. ‘ಡಬ್ಬ ಒರೆಸುವಾಗ ಕೈ ಜುಮ್ ಎನ್ನುತ್ತದೆ’ ಎಂದು. ಎಲ್ಲರೂ ಅದನ್ನು ದಾಟಿಕೊಂಡು ಹೋಗಿದ್ದೀರಿ. ನನಗೆ ಅದೇ ಮೊದಲನೆಯದು. ದೊಡ್ಡಮ್ಮ, ನಾನು ಹೇಳುವ ತನಕ ಆ ಡಬ್ಬವನ್ನು ಮುಟ್ಟಬೇಡಿ, ಪ್ಲಗ್ ಕಿತ್ತಿಡಿ. ಎಸ್‌ಎಂಪಿಎಸ್ ಎನ್ನುತ್ತೇವಲ್ಲ, ಹಿಂದುಗಡೆ ಫ್ಯಾನ್ ಇರುವ ಕರೆಂಟಿನ ಪೆಟ್ಟಿಗೆ, ಅದರೊಳಗೆ ವಿದ್ಯುತ್ತನ್ನು ಸೋಸುವ ಸಣ್ಣ ಕೆಪಾಸಿಟರುಗಳಿರುತ್ತವೆ. ಅವುಗಳ ಮೂಲಕ ಒಂದಿಷ್ಟು ಕರೆಂಟು ಕ್ಯಾಬಿನೆಟ್ಟಿನ ಲೋಹಕ್ಕೆ ಸೋರುತ್ತಲೇ ಇರುತ್ತದೆ. ಅರ್ಥಿಂಗ್ ಇದ್ದರೆ ಅದು ಸದ್ದಿಲ್ಲದೆ ನೆಲಕ್ಕೆ ಇಳಿಯುತ್ತದೆ. ಇಲ್ಲದಿದ್ದರೆ 230 ವೋಲ್ಟಿನ ಸುಮಾರು ಅರ್ಧದಷ್ಟು ಆ ಲೋಹದ ಮೇಲೆ ಕುಳಿತಿರುತ್ತದೆ. ಸೋರುವ ಕರೆಂಟು ತೀರಾ ಸಣ್ಣದು, ಅದಕ್ಕೇ ಬರೀ ಜುಮ್ ಎನ್ನುತ್ತದೆ. ಆದರೆ ಒಳಗೆ ನಿಜವಾದ ಶಾರ್ಟ್ ಆದ ದಿನ ನೆಲಕ್ಕೆ ಇಳಿಯುವ ದಾರಿ ಒರೆಸುವವರ ಮೈಯೇ ಆಗುತ್ತದೆ.

ನಿಮ್ಮ ಮನೆಯ ಆ ಕೋಣೆಯಲ್ಲಿ ಎರಡು ತೂತಿನ ಹಳೆಯ ಸಾಕೆಟ್ ಇತ್ತು, ಅದಕ್ಕೆ ಯಾರೋ ಅಡಾಪ್ಟರ್ ಸಿಕ್ಕಿಸಿದ್ದರು, ನನಗೆ ನೆನಪಿದೆ. ಅಲ್ಲೇ ತೊಂದರೆ. ಎಲೆಕ್ಟ್ರಿಷಿಯನ್ನನ್ನು ಕರೆಸಿ, ಮೂರು ಪಿನ್ನಿನ ಸಾಕೆಟ್ ಹಾಕಿಸಿ, ಮೀಟರ್ ಇಟ್ಟು ತೋರಿಸಲು ಹೇಳಿ. ಕರೆಂಟು ಬರುವ ಫೇಸ್ ತಂತಿ ಮತ್ತು ಅರ್ಥ್ ನಡುವೆ 230ರ ಆಸುಪಾಸು ಬರಬೇಕು, ಅದು ವಾಪಸ್ ಹೋಗುವ ನ್ಯೂಟ್ರಲ್ ತಂತಿ ಮತ್ತು ಅರ್ಥ್ ನಡುವೆ ಒಂದೆರಡು ವೋಲ್ಟಿಗಿಂತ ಹೆಚ್ಚು ಇರಬಾರದು. ಕೆಲವರು ಕೆಲಸ ಸುಲಭವಾಗಲಿ ಎಂದು ಸಾಕೆಟ್ಟಿನಲ್ಲಿಯೇ ನ್ಯೂಟ್ರಲ್ ತಂತಿಯನ್ನು ಅರ್ಥ್ ಪಿನ್ನಿಗೆ ಸೇರಿಸಿಬಿಡುತ್ತಾರೆ. ಮೀಟರ್ ಆಗ ಚೆನ್ನಾಗಿಯೇ ತೋರಿಸುತ್ತದೆ, ಆದರೆ ನ್ಯೂಟ್ರಲ್ ಎಲ್ಲಾದರೂ ಕಡಿದರೆ ಇಡೀ ಡಬ್ಬಕ್ಕೆ ಫೇಸ್ ಬರುತ್ತದೆ. ಎದುರಿಗೇ ನಿಂತು ನೋಡಿ. ಹಿತ್ತಿಲಿನಲ್ಲಿ ಅಜ್ಜನ ಕಾಲದ ಅರ್ಥಿಂಗ್ ಗುಂಡಿ ಇರಬೇಕು, ಉಪ್ಪು, ಇದ್ದಿಲು ಹಾಕಿದ್ದು. ತಂತಿ ಅಲ್ಲಿಯವರೆಗೆ ಇದೆಯೋ ತುಕ್ಕು ತಿಂದಿದೆಯೋ ಅದನ್ನೂ ನೋಡಿಸಿ.

ಸರಿ, ಈಗ ಬೀಪ್. ಬೀಪ್ ಬರುತ್ತಿದೆ ಎಂದರೆ ನನಗೆ ಸಮಾಧಾನ. ಬೋರ್ಡ್ ಸತ್ತಿದ್ದರೆ ಬೀಪ್ ಮಾಡುವವರು ಯಾರು? ಬೀಪಿನ ಲೆಕ್ಕ ಕಂಪೆನಿಯಿಂದ ಕಂಪೆನಿಗೆ ಬೇರೆ, ಆದರೂ ಒಂದೇ ಸಮನೆ ಮತ್ತೆ ಮತ್ತೆ ಬರುವುದು ಹೆಚ್ಚಿನ ಸಲ, ಕೆಲಸದ ನಡುವೆ ಮಾಹಿತಿಯನ್ನು ತಾತ್ಕಾಲಿಕವಾಗಿ ಇಟ್ಟುಕೊಳ್ಳುವ ರ‍್ಯಾಮಿನ ದೂರು. ನಮ್ಮ ಕಡೆ ಮಳೆಗಾಲದಲ್ಲಿ ಉಪ್ಪಿನ ಜಾಡಿ ನೀರು ಬಿಡುತ್ತದೆ, ಚಪ್ಪಲಿಗೆ ಬೂಷ್ಟು ಬರುತ್ತದೆ, ರ‍್ಯಾಮಿನ ಕಾಲಿಗೆ ಮಾತ್ರ ಏನೂ ಆಗಬಾರದು ಎಂದರೆ ಹೇಗೆ? ತೀರ್ಥಹಳ್ಳಿ, ಆಗುಂಬೆ ಕಡೆಯಿಂದ ಜುಲೈನಲ್ಲಿ ಬರುವ ‘ಸತ್ತ’ ಕಂಪ್ಯೂಟರುಗಳಲ್ಲಿ ಬಹಳಷ್ಟು ನನ್ನ ಮೇಜಿನ ಮೇಲೆ ಹತ್ತು ನಿಮಿಷದಲ್ಲಿ ಎದ್ದು ಕೂರುತ್ತವೆ.

ಮೊಮ್ಮಗ ಮನೆಯಲ್ಲೇ ಇದ್ದಾನಲ್ಲ, ಅವನ ಕೈಯಿಂದ ಮಾಡಿಸಿ. ಪುಟ್ಟಾ, ಕೇಳಿಸಿಕೊ. ಪ್ಲಗ್ ಕಿತ್ತಿದ್ದಾರೆ ತಾನೆ? ಪವರ್ ಗುಂಡಿಯನ್ನು ಹತ್ತು ಸೆಕೆಂಡ್ ಒತ್ತಿ ಹಿಡಿ, ಒಳಗೆ ಉಳಿದದ್ದು ಖಾಲಿಯಾಗಲಿ. ಎದುರಿನಿಂದ ನೋಡಿದರೆ ಎಡಗಡೆಯ ಬಾಗಿಲು, ಹಿಂದೆ ಎರಡು ಸ್ಕ್ರೂ ಇರುತ್ತವೆ. ಬಿಚ್ಚಿ, ಡಬ್ಬವನ್ನು ಮಲಗಿಸು. ಬರಿಯ ಲೋಹವನ್ನು ಒಮ್ಮೆ ಮುಟ್ಟಿ ಆಮೇಲೆ ಒಳಗೆ ಕೈ ಹಾಕು. ನಿಂತಿರುವ ಉದ್ದನೆಯ ಹಸಿರೋ ಕಪ್ಪೋ ಪಟ್ಟಿ, ಅದೇ ರ‍್ಯಾಮ್. ಎರಡು ತುದಿಯ ಹಿಡಿಕೆ ಸರಿಸಿದರೆ ಎದ್ದು ಬರುತ್ತದೆ. ಬಂಗಾರದ ಬಣ್ಣದ ಕಾಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಹಗುರವಾಗಿ ಉಜ್ಜು, ಪಾತ್ರೆ ತಿಕ್ಕಿದ ಹಾಗೆ ತಿಕ್ಕಬೇಡ. ಬಂಗಾರದ ಲೇಪ ಅಲ್ಲಿರುವುದು ಹೆಸರಿಗೆ ಮಾತ್ರ, ಜೋರಾಗಿ ಉಜ್ಜಿದರೆ ಸವೆದುಹೋಗುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್ ಸಿಕ್ಕಿದರೆ ಅದೇ ಮೇಲು, ಹತ್ತಿಯಲ್ಲಿ ಅದ್ದಿ ಒರೆಸು. ರಬ್ಬರಿನ ಪುಡಿ ಬೋರ್ಡಿನ ಮೇಲೆ ಬೀಳಬಾರದು, ಹೊರಗೆ ಹಿಡಿದುಕೊಂಡು ಮಾಡು. ವಾಪಸ್ ಹಾಕುವಾಗ ನಡುವಿನ ಕಚ್ಚು ಹೊಂದಿಸಿ, ಎರಡು ತುದಿಯಲ್ಲೂ ಕಟ್ ಎನ್ನುವವರೆಗೆ ಒತ್ತು. ಸಾಕೆಟ್ ಸರಿಯಾದ ಮೇಲೆಯೇ ಆನ್ ಮಾಡು, ಆಗಲೂ ಬೀಪ್ ಬಂದರೆ ಪ್ಲಗ್ ಕಿತ್ತು ಪಕ್ಕದ ಸ್ಲಾಟಿಗೆ ಬದಲಾಯಿಸಿ ನೋಡು.

ಬಾಗಿಲು ತೆಗೆದಾಗಲೇ ಇನ್ನೊಂದು. ಬೋರ್ಡಿನ ಮೇಲೆ ನಾಣ್ಯದಂಥ ಸೆಲ್ ಇರುತ್ತದೆ, ಮೇಲೆ ಸಿಆರ್2032 ಎಂದು ಕೆತ್ತಿರುತ್ತಾರೆ, ಮೂರು ವೋಲ್ಟಿನದು. ತಾರೀಖು ಹಿಂದಕ್ಕೆ ಓಡುತ್ತಿದ್ದದ್ದು ಅದು ಬತ್ತಿರುವುದರಿಂದ. ದೊಡ್ಡಪ್ಪ, ಬ್ಯಾಂಕಿನ ಸೈಟು ತೆರೆದರೆ ‘ಸುರಕ್ಷಿತವಲ್ಲ’ ಎಂದು ಬರುತ್ತದೆ, ವೈರಸ್ ಹೊಕ್ಕಿದೆ ಎಂದು ಹೋದ ತಿಂಗಳು ಹೆದರಿದ್ದಿರಲ್ಲ, ಅದೂ ಇದರದ್ದೇ ಕರಾಮತ್ತು. ಸೈಟಿನ ಪ್ರಮಾಣಪತ್ರಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಎಂದು ಅವಧಿ ಇರುತ್ತದೆ. ನಿಮ್ಮ ಕಂಪ್ಯೂಟರ್ ಇನ್ನೂ 2019ರಲ್ಲೇ ಇದ್ದೇನೆ ಎಂದುಕೊಂಡರೆ ಆ ಪತ್ರ ಅದರ ಲೆಕ್ಕದಲ್ಲಿ ಹುಟ್ಟಿಯೇ ಇಲ್ಲ. ಗಡಿಯಾರ ರಿಪೇರಿಯವರ ಬಳಿಯೂ ಆ ಸೆಲ್ ಸಿಗುತ್ತದೆ. ಹಾಕಿದ ಮೇಲೆ ತಾರೀಖು, ಸಮಯ ಸರಿಪಡಿಸಿ, ಮುಗಿಯಿತು.

ಒಂದು ನಿಮಿಷ ಇರಿ, ಗಿರಾಕಿ ಬಂದರು…

ಬಂದೆ. ಎಸ್‌ಎಂಪಿಎಸ್ ಸುಟ್ಟಿದೆ ಎಂದು ತಂದಿದ್ದರು, ಬಿಚ್ಚಿದರೆ ಒಳಗೆ ಹಲ್ಲಿ. ನಿಮ್ಮ ಡಬ್ಬದ ಹಿಂದೆ ಕಾರ್ಡ್ ಹಾಕುವ ಜಾಗದ ಪಟ್ಟಿ ಕಳೆದುಹೋಗಿದ್ದರೆ ಅದನ್ನು ಮುಚ್ಚಿಸಿ, ಹಲ್ಲಿ ಒಳಗೆ ಹೋಗುವ ರಾಜಮಾರ್ಗ ಅದು. ಎಲ್ಲಿದ್ದೆ? ಹಾಂ, ಹತ್ತು ನಿಮಿಷದ ಕಥೆ.

ಕಂಪ್ಯೂಟರ್ ಎದ್ದ ಮೇಲೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಯಾವ ಭಾಗಕ್ಕೆ ಎಷ್ಟು ಕೆಲಸ ಎಂದು ತೋರಿಸುವ ಟಾಸ್ಕ್ ಮ್ಯಾನೇಜರ್ ಬರುತ್ತದೆ. ನೀವು ಏನೂ ಮಾಡದೆ ಸುಮ್ಮನೆ ಕುಳಿತಿದ್ದರೂ ಡಿಸ್ಕ್ ಎನ್ನುವ ಕಡೆ ನೂರು ಪ್ರತಿಶತ ತೋರಿಸುತ್ತದೆ, ನೋಡಿ ಬೇಕಾದರೆ. ಕಡತಗಳನ್ನೆಲ್ಲ ಇಡಲು ನಿಮ್ಮಲ್ಲಿರುವುದು ತಿರುಗುವ ಹಾರ್ಡ್ ಡಿಸ್ಕ್. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮು ನೆನಪಿಸಿಕೊಳ್ಳಿ. ಒಬ್ಬನೇ ಜವಾನ, ಒಂದೊಂದು ಕಡತಕ್ಕೂ ಬೇರೆ ಬೇರೆ ಕಪಾಟಿಗೆ ನಡೆದು ಹೋಗಿ ತರಬೇಕು. ಹಾರ್ಡ್ ಡಿಸ್ಕಿನ ಮುಳ್ಳು ಒಂದು ಜಾಗದಿಂದ ಇನ್ನೊಂದಕ್ಕೆ ಹೋಗಿ ಓದಲು ಸುಮಾರು ಹತ್ತು ಮಿಲಿಸೆಕೆಂಡ್ ಹಿಡಿಯುತ್ತದೆ, ಸೆಕೆಂಡಿಗೆ ಹೆಚ್ಚೆಂದರೆ ನೂರಿನ್ನೂರು ಕಡತ. ವಿಂಡೋಸ್ ಏಳುವಾಗ ಕೇಳುವುದು ಸಾವಿರ ಸಾವಿರ ಚೂರು ಕಡತಗಳನ್ನು. ಹಾರ್ಡ್ ಡಿಸ್ಕಿನ ಬದಲು ಹಾಕುವ ಎಸ್‌ಎಸ್‌ಡಿಯಲ್ಲಿ ಕಡತಗಳು ಚಿಪ್ಪಿನಲ್ಲೇ ಇರುತ್ತವೆ, ನಡೆಯುವ ಜವಾನನೇ ಇಲ್ಲ, ಸೆಕೆಂಡಿಗೆ ಹತ್ತಾರು ಸಾವಿರ ಎತ್ತಿ ಕೊಡುತ್ತದೆ. ನಿಮ್ಮ ಹತ್ತು ನಿಮಿಷ ಅರ್ಧ ನಿಮಿಷಕ್ಕಿಂತ ಕೆಳಗೆ ಇಳಿಯುತ್ತದೆ. ಈ ಒಂದು ಮಾತಿಗೆ ನಾನು ಜಾಮೀನು.

ಸಾಟಾ ಎಸ್‌ಎಸ್‌ಡಿ ಸಾಕು, ಹಳೆಯ ಡಿಸ್ಕಿನ ಹಾಗೆಯೇ ಕೇಬಲ್ಲಿನಲ್ಲಿ ಜೋಡಿಸುವಂಥದ್ದು, ನಿಮ್ಮ ಬೋರ್ಡಿಗೆ ಖಂಡಿತ ಹೊಂದುತ್ತದೆ. ಅಂಗಡಿಯವರು ಎನ್‌ವಿಎಂಇ ಎಂಬ ಇನ್ನೊಂದು ಬಗೆಯದು ಅದಕ್ಕಿಂತ ಆರು ಪಟ್ಟು ವೇಗ ಎನ್ನುತ್ತಾರೆ. ದೊಡ್ಡ ವಿಡಿಯೊ ನಕಲು ಮಾಡುವವರಿಗೆ ಅದು ನಿಜ, ತಾಳಮದ್ದಳೆಯ ಟಿಪ್ಪಣಿ ಬರೆಯುವವರಿಗೆ ಕಣ್ಣಿಗೆ ಕಾಣುವಷ್ಟು ವ್ಯತ್ಯಾಸವಿಲ್ಲ. ರ‍್ಯಾಮ್ ನಾಲ್ಕು ಜಿಬಿ ಇದೆ, ಎಂಟಾದರೂ ಬೇಕು. 2025ರ ಕೊನೆಯಿಂದ ರ‍್ಯಾಮಿನ ಬೆಲೆ ವಿಪರೀತ ಏರಿದೆ. ಕೃತಕ ಬುದ್ಧಿಮತ್ತೆಯ ಡೇಟಾ ಕೇಂದ್ರಗಳು ಚಿಪ್ಪುಗಳನ್ನೆಲ್ಲ ಬಾಚಿಕೊಳ್ಳುತ್ತಿವೆ, ಅದರ ಬಿಸಿ ನಮ್ಮ ಶಿವಮೊಗ್ಗದ ಅಂಗಡಿಯವರೆಗೂ ಬಂದಿದೆ. ಅದಕ್ಕೆ ನಿಮಗೆ ಬಳಸಿದ, ಡಿಡಿಆರ್4 ಬಗೆಯ ರ‍್ಯಾಮ್ ಒಂದನ್ನು ಪರೀಕ್ಷಿಸಿ ನಾನೇ ತರುತ್ತೇನೆ. ರ‍್ಯಾಮ್ ಹಳೆಯದಾದರೂ ಪರೀಕ್ಷೆಯಲ್ಲಿ ಪಾಸಾದರೆ ವರ್ಷಗಟ್ಟಲೆ ಬರುತ್ತದೆ. ಹಳೆಯ ಹಾರ್ಡ್ ಡಿಸ್ಕನ್ನು ಮಾತ್ರ ಪುಕ್ಕಟೆ ಕೊಟ್ಟರೂ ನಾನು ಮುಟ್ಟುವುದಿಲ್ಲ.

‘ವಿಂಡೋಸ್ 10 ನಿಂತುಹೋಯಿತು, ಕಂಪ್ಯೂಟರ್ ಬದಲಿಸಲೇಬೇಕು’ ಎಂದು ಮಾವ ಬರೆದಿದ್ದಾರೆ. ಅರ್ಧ ನಿಜ. 2025ರ ಅಕ್ಟೋಬರ್ 14ಕ್ಕೆ ಅದರ ಬೆಂಬಲ ಮುಗಿದದ್ದು ಹೌದು. ಆದರೆ ದೊಡ್ಡಪ್ಪನ ಕಂಪ್ಯೂಟರಿನ ಮಿದುಳು, ಅಂದರೆ ಪ್ರೊಸೆಸರ್, ಇಂಟೆಲ್ ಕಂಪೆನಿಯ ಐ3-8100, ಎಂಟನೆಯ ತಲೆಮಾರಿನದು, ವಿಂಡೋಸ್ 11 ಒಪ್ಪುವ ಪಟ್ಟಿ ಅಲ್ಲಿಂದಲೇ ಶುರುವಾಗುತ್ತದೆ. ಹಾಕುವಾಗ ‘ಟಿಪಿಎಂ ಇಲ್ಲ’, ಅಂದರೆ ಭದ್ರತೆಯ ಚಿಪ್ಪು ಇಲ್ಲ ಎಂದು ಹೇಳಿದರೆ ಬಯಾಸಿನಲ್ಲಿ, ಅಂದರೆ ಬೋರ್ಡಿನದೇ ಸೆಟ್ಟಿಂಗಿನಲ್ಲಿ, ಅದೇ ಕೆಲಸ ಮಾಡುವ ಪಿಟಿಟಿ ಎಂಬುದನ್ನು ಆನ್ ಮಾಡಬೇಕು, ಅಷ್ಟೆ.

ಈಗ ಗಟ್ಟಿಯಾಗಿ ಹೇಳಬೇಕಾದದ್ದು. ದೊಡ್ಡಪ್ಪ, ನಾನು ಬರುವವರೆಗೆ ಯಾರ ಕೈಗೂ ಫಾರ್ಮ್ಯಾಟ್ ಮಾಡಲು, ಅಂದರೆ ಡಿಸ್ಕ್ ಅಳಿಸಿ ವಿಂಡೋಸ್ ಹೊಸದಾಗಿ ಹಾಕಲು, ಕೊಡಬೇಡಿ. ‘ಡಿ ಡ್ರೈವ್ ಹಾಗೇ ಇಡುತ್ತೇವೆ, ಏನೂ ಹೋಗುವುದಿಲ್ಲ’ ಎನ್ನುತ್ತಾರೆ. ನೀವು ಎಲ್ಲವನ್ನೂ ಡೆಸ್ಕ್‌ಟಾಪಿನ ಮೇಲೆ ಇಡುವವರು, ಡೆಸ್ಕ್‌ಟಾಪ್ ಇರುವುದು ಸಿ ಡ್ರೈವಿನಲ್ಲಿ, ಅವರು ಅಳಿಸುವುದು ಅದನ್ನೇ. ವಂಶವೃಕ್ಷ, ದೇವಸ್ಥಾನದ ಲೆಕ್ಕ, ಇಪ್ಪತ್ತು ವರ್ಷದ ಅರ್ಥಗಾರಿಕೆಯ ಟಿಪ್ಪಣಿ, ಎಲ್ಲ ಒಂದೇ ಗುಂಡಿ ಒತ್ತಿದರೆ ಹೋಗುತ್ತದೆ. ಇನ್ನೂ ಒಂದಿದೆ. ನೀವು ಟೈಪ್ ಮಾಡಿದ್ದು ಹಳೆಯ ನುಡಿ ಫಾಂಟಿನಲ್ಲಿ, ಎಲ್ಲ ಕಂಪ್ಯೂಟರಿಗೂ ಒಂದೇ ಆದ ಯೂನಿಕೋಡ್ ಸಂಕೇತದಲ್ಲಿ ಅಲ್ಲ. ಆ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆ ಕನ್ನಡದ ಆಕಾರವನ್ನು ಕೂರಿಸಿದವು. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಬದಲು ಟೋಪಿ, ಬಾಲ ಹಚ್ಚಿಕೊಂಡ ಇಂಗ್ಲಿಷ್ ಅಕ್ಷರಗಳ ಜಾತ್ರೆ ಕಾಣುತ್ತದೆ.

ಅಂಗಡಿ ಹಾಕಿದ ಮೊದಲ ವರ್ಷ ನಾನೇ ಈ ತಪ್ಪು ಮಾಡಿದ್ದೇನೆ. ನಿವೃತ್ತ ಮೇಷ್ಟ್ರೊಬ್ಬರ ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿ ಕಡತಗಳನ್ನೆಲ್ಲ ಜೋಪಾನವಾಗಿ ಹಿಂತಿರುಗಿಸಿದೆ, ಫಾಂಟ್ ಮರೆತೆ. ಅವರು ಮನೆಗೆ ಹೋಗಿ ತೆರೆದು ನೋಡಿ, ಬರೆದದ್ದೆಲ್ಲ ಕೆಟ್ಟುಹೋಯಿತು ಎಂದು ಅರ್ಧಕ್ಕರ್ಧ ಅಳಿಸಿಹಾಕಿದ್ದರು. ಫಾಂಟ್ ಹಾಕಿದ್ದರೆ ಎಲ್ಲವೂ ಹಾಗೇ ಇತ್ತು. ಅವರು ಬೈಯಲಿಲ್ಲ, ‘ನನ್ನದೇ ಅವಸರ’ ಎಂದರು. ಬೈದಿದ್ದರೆ ಒಳ್ಳೆಯದಿತ್ತು. ನಿಮ್ಮದನ್ನು ಎರಡು ಕಡೆ ನಕಲು ಮಾಡಿ, ಯೂನಿಕೋಡಿಗೆ ಪರಿವರ್ತಿಸಿ, ಒತ್ತಕ್ಷರಗಳನ್ನು ಒಮ್ಮೆ ಕಣ್ಣಾಡಿಸಿದ ಮೇಲೆಯೇ ಹೊಸ ವಿಂಡೋಸ್. ಹಳೆಯ ಡಿಸ್ಕ್ ಈ ನಡುವೆ ಟಿಕ್ ಟಿಕ್ ಎಂದು ಸದ್ದು ಮಾಡಲು ಶುರು ಮಾಡಿದರೆ ಆಫ್ ಮಾಡಿಬಿಡಿ, ಮತ್ತೆ ಮತ್ತೆ ಆನ್ ಮಾಡಿ ಪರೀಕ್ಷಿಸಬೇಡಿ. ಪ್ರತಿ ಸಲ ತಿರುಗಿದಾಗಲೂ ಒಳಗೆ ಗೀರು ಬೀಳಬಹುದು.

ಪುಟ್ಟಾ, ನೀನು ಕೊನೆಯಲ್ಲಿ ಒಂದು ಜಾಹೀರಾತಿನ ಚಿತ್ರ ಹಾಕಿದ್ದೀಯ. ‘ಐ7, 16 ಜಿಬಿ, ಎಸ್‌ಎಸ್‌ಡಿ, ಭಾರಿ ಅಗ್ಗ’, ಕಾಲೇಜಿಗೆ ಇದನ್ನೇ ಕೊಡಿಸಿ ಎಂದು. ಐ7 ಎಂದರೆ ಯಾವ ಐ7? ಪೂರ್ತಿ ಸಂಖ್ಯೆ ಕೇಳು. ಬಹುಪಾಲು ಐ7-2600 ಎನ್ನುತ್ತಾರೆ, 2011ರದ್ದು. 2022ರ ಐ3-12100ರಲ್ಲೂ ಲೆಕ್ಕ ಮಾಡುವ ಕೋರ್ ಅಷ್ಟೇ ನಾಲ್ಕು ಇದ್ದು ಅದನ್ನು ಸುಲಭವಾಗಿ ಹಿಂದೆ ಹಾಕುತ್ತದೆ. ಸಂಖ್ಯೆಯ ಕೊನೆಯಲ್ಲಿ ಎಫ್ ಎಂದಿದ್ದರೆ ಎಚ್ಚರ, ಅದರೊಳಗೆ ಗ್ರಾಫಿಕ್ಸ್ ಇಲ್ಲ. ಬೇರೆ ಕಾರ್ಡ್ ಹಾಕದೆ ಪರದೆ ಬೆಳಗುವುದಿಲ್ಲ, ಒಂದಿಷ್ಟು ಉಳಿಯಿತು ಎಂದು ತಂದು ಅಳುತ್ತಾ ನನ್ನ ಹತ್ತಿರ ಬಂದವರಿದ್ದಾರೆ. ಉಳಿದದ್ದನ್ನು ಎದುರಿಗೆ ಕುಳಿತು ಮಾತಾಡೋಣ. ಒಂದು ಮಾತ್ರ ಈಗಲೇ ಹೇಳುತ್ತೇನೆ, ಬಣ್ಣದ ದೀಪದ ಕ್ಯಾಬಿನೆಟ್ಟಿಗೆ ಕೊಡುವ ದುಡ್ಡನ್ನು ಎಸ್‌ಎಂಪಿಎಸ್‌ಗೆ ಕೊಡು. ಮೇಲೆ 450 ವಾಟ್ ಎಂದು ಅಂಟಿಸಿ, ಎತ್ತಿದರೆ ಹಪ್ಪಳದಷ್ಟು ಹಗುರ ಇರುವಂಥವು ಬರುತ್ತವೆ. ಸುಟ್ಟು ಹೋಗುವಾಗ ಅವು ಒಂಟಿಯಾಗಿ ಹೋಗುವುದಿಲ್ಲ.

ಅಣ್ಣಾ, ನಿನ್ನ ಲ್ಯಾಪ್‌ಟಾಪ್ ಬೇಡ ಎಂದಲ್ಲ, ಅದನ್ನು ಪುಟ್ಟನಿಗೆ ಕಳಿಸು. ದೊಡ್ಡಪ್ಪನಿಗೆ ಆ ದೊಡ್ಡ ಕೀಲಿಮಣೆಯೇ ಕೈಗೆ ಒಗ್ಗಿದೆ. ಸಾಧ್ಯವಾದರೆ ಯುಪಿಎಸ್ಸಿನ ಬ್ಯಾಟರಿಗೆ ದುಡ್ಡು ಹಾಕು, 12 ವೋಲ್ಟ್ 7 ಆಂಪಿಯರ್ ಅವರ್‌ನದು. ಅದು ಮೂರು ವರ್ಷ ಬಾಳಿದರೆ ಹೆಚ್ಚು, ಅವರದ್ದು ಬಂದಾಗಿನಿಂದ ಬದಲಿಸಿಲ್ಲ.

ಭಾನುವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಅಷ್ಟರೊಳಗೆ ಸಾಕೆಟ್ ಕೆಲಸ ಆಗಿರಲಿ. ಪುಟ್ಟ, ಬಾಗಿಲು ತೆಗೆದ ಮೇಲೆ ಬೋರ್ಡಿನ ಒಂದು ಫೋಟೊ ತೆಗೆದು ಕಳಿಸು, ರ‍್ಯಾಮಿನ ಮೇಲಿನ ಚೀಟಿ ಓದುವ ಹಾಗಿರಲಿ. ದೊಡ್ಡಮ್ಮ, ಕೆಸುವಿನ ಪತ್ರೊಡೆ ಮಾಡಿದರೆ ನಾನು ಮಧ್ಯಾಹ್ನದವರೆಗೂ ಇರುತ್ತೇನೆ.