ಪದಚರ್ಚೆ: ‘ರೇಕು ಹಚ್ಚುವುದು’ – ನಿಮ್ಮ ಕಡೆ ಏನಂತಾರೆ?

ಎಲ್ಲರಿಗೂ ನಮಸ್ಕಾರ.

ಸಿಮೆಂಟ್ ಫ್ಯಾಕ್ಟರಿಯೊಂದರ ಸೈಡಿಂಗ್‌ನಲ್ಲಿ (ಸರಕು ತುಂಬಲು, ಇಳಿಸಲು ಇರುವ ಪಕ್ಕದ ಹಳಿಯಲ್ಲಿ) ಕೆಲಸ ಮಾಡುವವರಿಗಾಗಿ ಸುರಕ್ಷತೆಯ ಸೂಚನೆಗಳನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಹಳೆಯ ಬೋರ್ಡಿನಲ್ಲಿ ಹೀಗಿದೆ: ‘ಸರಕು ರೈಲು ನಿಯೋಜಿಸುವಾಗ ಹಳಿ ದಾಟಬಾರದು.’ ಈ ಸಾಲು ನನಗೆ ಸಮಾಧಾನ ತಂದಿಲ್ಲ. ಸರಕಿನ ಕೆಲಸಕ್ಕೆ ವ್ಯಾಗನ್‌ಗಳನ್ನು ತಂದು ನಿಲ್ಲಿಸುವುದಕ್ಕೆ ನಮ್ಮ ಕಡೆ ‘ರೇಕು ಹಚ್ಚುವುದು’ ಅಂತಾರೆ.

ಸರಕು ರೈಲು ಬೇರೆ, ರೇಕು ಬೇರೆ. ಒಂದಕ್ಕೊಂದು ಕೊಂಡಿ ಹಾಕಿದ ವ್ಯಾಗನ್‌ಗಳ ಸಾಲು ಮಾತ್ರ ರೇಕು. ಇಂಜಿನ್ ಅದರಲ್ಲಿ ಸೇರುವುದಿಲ್ಲ. ಸೈಡಿಂಗ್‌ಗೆ ರೇಕನ್ನು ಎಷ್ಟೋ ಸಲ ಇಂಜಿನ್ ಹಿಂದಿನಿಂದ ದಬ್ಬಿಕೊಂಡು ಬರುತ್ತದೆ. ಆಗ ಮುಂದೆ ಬರುವುದು ಬರೀ ವ್ಯಾಗನ್. ಅದಕ್ಕೆ ದೀಪ ಇಲ್ಲ, ಹಾರ್ನ್ ಇಲ್ಲ. ರೈಲು ಅಂತ ಓದಿದವನು ಇಂಜಿನ್ ಬರುವುದನ್ನು ನೋಡುತ್ತಾ ನಿಂತರೆ ಏನು ಗತಿ? ಹಾಗಾಗಿ ‘ರೇಕು’ ಅಂತಲೇ ಬರೆಯುತ್ತೇನೆ. ಅದು ಚಿನ್ನದ ರೇಕಿನ ಹಾಗೆ ತೆಳು ತಗಡಲ್ವಾ ಎಂದು ಒಬ್ಬರು ಕೇಳಿದರು. ಹಳಿಯ ಪಕ್ಕ ನಿಂತವರಿಗೆ ಆ ಗೊಂದಲ ಇಲ್ಲ. ರಸಗೊಬ್ಬರದ ಸುದ್ದಿಯಲ್ಲಿ ಪತ್ರಿಕೆಗಳೂ ರೇಕಿನಿಂದ ಸರಕು ಇಳಿಸುವ ಜಾಗಕ್ಕೆ ‘ರೇಕ್ ಪಾಯಿಂಟ್’ ಅಂತಲೇ ಬರೆಯುತ್ತವೆ.

ನಾನು ಸಿಕ್ಕಿಹಾಕಿಕೊಂಡಿರುವುದು ‘ನಿಯೋಜಿಸು’ ಹತ್ತಿರ. ಯಾವ ಹಮಾಲನೂ ಈ ಮಾತು ಆಡುವುದಿಲ್ಲ. ನಾನು ಬೆಳೆದದ್ದು ಕಲಬುರಗಿ ಜಿಲ್ಲೆಯ ವಾಡಿಯಲ್ಲಿ. ಮುಂಬೈ–ಚೆನ್ನೈ ದಾರಿಯಿಂದ ಹೈದರಾಬಾದ್ ಕಡೆಗೆ ಹಳಿ ಕವಲೊಡೆಯುವ ಊರು. 1968ರಿಂದ ಅಲ್ಲಿ ಎಸಿಸಿ ಸಿಮೆಂಟ್ ಫ್ಯಾಕ್ಟರಿ ಇದೆ. ನಡುರಾತ್ರಿ ಯಾರಾದರೂ ಬಾಗಿಲು ಬಡಿದು ‘ರೇಕು ಹಚ್ಚ್ಯಾರ, ಬರ್ರಿ’ ಅಂದರೆ ಅಪ್ಪ ಟವೆಲ್ ಸುತ್ತಿಕೊಂಡು ಹೊರಡುತ್ತಿದ್ದರು. ಐವತ್ತು ಕೆಜಿ ಚೀಲ ಹೊತ್ತು, ಹಲಗೆ ಹತ್ತಿ, ವ್ಯಾಗನ್ ಒಳಗೆ ಒಟ್ಟುವ ಕೆಲಸ. ಬೆಳಗ್ಗೆ ಬಂದಾಗ ಹುಬ್ಬು, ರೆಪ್ಪೆ ಎಲ್ಲ ಬೂದಿ ಬಣ್ಣ. ಅವ್ವ ಮೊದಲು ಕೊಬ್ಬರಿ ಎಣ್ಣೆ ಕೊಡುತ್ತಿದ್ದಳು, ಆಮೇಲೆ ಚಹಾ.

ನಮ್ಮ ಕಡೆ ಕೆಲಸಕ್ಕೆ ಹಚ್ಚುತ್ತೇವೆ, ಸಾಲಿಗೆ (ಶಾಲೆಗೆ) ಹಚ್ಚುತ್ತೇವೆ. ರೇಕನ್ನೂ ಹಚ್ಚುತ್ತೇವೆ. ತಂದು ನಿಲ್ಲಿಸಿ ಕೆಲಸಕ್ಕೆ ಒಪ್ಪಿಸುವುದು ಎಂಬ ಪೂರ್ತಿ ಅರ್ಥ ಆ ಒಂದು ಮಾತಿನಲ್ಲಿದೆ. ಆದರೆ ಈ ಬೋರ್ಡು ತುಮಕೂರು ಕಡೆಯವರೂ ಓದುವಂಥದ್ದು. ಅವರಿಗೆ ಹಚ್ಚುವುದು ಅಂದರೆ ದೀಪ, ಬೆಂಕಿ. ಸುರಕ್ಷತೆಯ ಬೋರ್ಡಿನಲ್ಲಿ ‘ರೇಕು ಹಚ್ಚುವಾಗ’ ಅಂತ ಕಂಡರೆ ತಪ್ಪು ತಿಳಿಯುವುದಿಲ್ಲವೇ? ‘ರೇಕು ನಿಲ್ಲಿಸುವಾಗ’ ಅಂದರೆ ಅದು ಇನ್ನೂ ಚಲಿಸುತ್ತಿದೆ ಅನ್ನುವುದು ಹೋಗಿಬಿಡುತ್ತದೆ. ‘ರೇಕು ಒಳಗೆ ದಬ್ಬುವಾಗ’ ಅಂತ ಸದ್ಯಕ್ಕೆ ಬರೆದುಕೊಂಡಿದ್ದೇನೆ.

ಇನ್ನೊಂದು ಪದ ಡೆಮರೇಜ್, ಅಂದರೆ ವ್ಯಾಗನ್‌ಗಳನ್ನು ಹೆಚ್ಚು ಹೊತ್ತು ನಿಲ್ಲಿಸಿಕೊಂಡರೆ ರೈಲ್ವೆ ಹಾಕುವ ದಂಡ. ರೇಕು ಹಚ್ಚಿದ ಹೊತ್ತಿನಿಂದ ಲೆಕ್ಕ ಶುರು. ಕೊಟ್ಟ ಗಡುವು ಮೀರಿದರೆ ವ್ಯಾಗನ್‌ಗೆ, ಗಂಟೆಗೆ ಇಷ್ಟು ಅಂತ ಬೀಳುತ್ತದೆ. ಬಿಸಿಎನ್‌ಹೆಚ್‌ಎಲ್ ಎಂಬ ಮುಚ್ಚಿದ ವ್ಯಾಗನ್ ಮಾದರಿಯ ಪೂರ್ತಿ ರೇಕಿನಲ್ಲಿ 58 ವ್ಯಾಗನ್ ಇರುತ್ತವೆ. ಒಂದು ಗಂಟೆ ತಡವಾದರೂ 58 ಸಲ ಲೆಕ್ಕ. ಸರಕು ಗಡುವು ಮೀರಿ ರೈಲ್ವೆ ಜಾಗದಲ್ಲಿ ಬಿದ್ದಿದ್ದರೆ ಹಾಕುವುದು ವಾರ್ಫೇಜ್, ಅದು ಬೇರೆ. ಎರಡಕ್ಕೂ ‘ವಿಳಂಬ ಶುಲ್ಕ’ ಅಂದುಬಿಟ್ಟರೆ ವ್ಯತ್ಯಾಸವೇ ಉಳಿಯುವುದಿಲ್ಲ. ವಾರ್ಫೇಜ್‌ಗೆ ಸಂತೆಯವರ ‘ನೆಲಬಾಡಿಗೆ’ ಹೊಂದುತ್ತದೆ ಅನಿಸುತ್ತೆ. ಡೆಮರೇಜ್‌ಗೆ ‘ನಿಲುದಂಡ’ ಅನ್ನಬಹುದಾ?

ಅಮ್ಮಸಂದ್ರ, ಬಾಗಲಕೋಟೆ, ತೊಂಡೇಬಾವಿ ಕಡೆಯವರು ಇಲ್ಲಿದ್ದರೆ ದಯವಿಟ್ಟು ತಿಳಿಸಿ. ಗೂಡ್ಸ್ ಶೆಡ್‌ನಲ್ಲಿ ವ್ಯಾಗನ್ ತಂದು ಬಿಟ್ಟಾಗ ನಿಮ್ಮ ಊರಲ್ಲಿ ಏನಂತ ಕೂಗುತ್ತಾರೆ?